ಜನರಲ್ ಬ್ರೇಡೋನ ಸವಾರಿ



ರಾವುತ ಎಂಬುದು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಆನೆಯನ್ನು ನಡೆಸುವವನು ಮಾವುತ, ಕುದುರೆಯೇರಿ ಕಾದುವವನು ರಾವುತ. ಈ ಮಾತು ಕಿವಿಗೆ ಬಿದ್ದೊಡನೆ ಹಳಗನ್ನಡ ಕಾವ್ಯಗಳ ಯುದ್ಧವರ್ಣನೆಗಳು ಕಣ್ಣೆದುರು ಬಂದು ನಿಲ್ಲುವುದು, ಆ ಕಾವ್ಯಗಳನ್ನು ಪಾಠ ಹೇಳುತ್ತಲೇ ತಲೆ ನರೆಸಿಕೊಂಡ ನನ್ನಂಥವನಿಗೆ ಸಹಜ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಕಾವ್ಯದ ರಾವುತನ ಕಥೆಯನ್ನಲ್ಲ. ನಮ್ಮ ನಾಡಿನ ರಾವುತನ ಕಥೆಯನ್ನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾ ದೇಶದ ಒಬ್ಬ ಅಶ್ವದಳಾಧಿಕಾರಿ ಇಂದಿನ ನಮ್ಮ ವಸ್ತು. ಅವನ ಹೆಸರು ಆಡಾಲ್ಬರ್ಟ್ ಫಾನ್ ಬ್ರೇಡೋ.

ಯಾರೀತ ಎಂದು ನೀವು ಕೇಳಬಹುದು. ಸೀಡ್ಲಿಟ್ಸ್, ಬ್ಲೂಷರ್ ಮೊದಲಾದ ಹೆಸರುಗಳ ಸಾಲಿನಲ್ಲಿ ಇವನ ಹೆಸರು ಅಷ್ಟು ದೊಡ್ಡದಲ್ಲ. ಇವನು ಸಾಮ್ರಾಜ್ಯ ಕಟ್ಟಲಿಲ್ಲ, ದೊಡ್ಡ ಸೈನ್ಯದ ಮಹಾದಂಡನಾಯಕನೂ ಆಗಲಿಲ್ಲ. ಎಪ್ಪತ್ತೈದು ವರ್ಷಗಳ ಬಾಳಿನಲ್ಲಿ ಕೆಲವೇ ನಿಮಿಷಗಳ ಒಂದು ಕೆಲಸದಿಂದ ಇವನು ಚರಿತ್ರೆಯಲ್ಲಿ ನಿಂತನು. ಆ ಕೆಲವು ನಿಮಿಷಗಳು ಅವನ ಕಡೆಯವರಿಗೆ ಗೆಲುವನ್ನು ತಂದುಕೊಟ್ಟವು. ಆದರೆ ಅದೇ ಗೆಲುವು ಮುಂದಿನ ನಲವತ್ತು ವರ್ಷಗಳ ಕಾಲ ಬಲ್ಲವರ ಬುದ್ಧಿಯನ್ನೂ ಹೇಗೆ ಮಂಕುಗೊಳಿಸಿತು ಎಂಬುದೇ ನನ್ನನ್ನು ಈ ವಸ್ತುವಿನ ಕಡೆಗೆ ಎಳೆದ ವಿಚಾರ.

ಬ್ರೇಡೋ ಹುಟ್ಟಿದ್ದು 1814ನೆಯ ಇಸವಿ ಮೇ 25ರಂದು, ಬ್ರಾಂಡೆನ್‌ಬುರ್ಗ್ ಸೀಮೆಯ ಬ್ರೀಸೆನ್ ಎಂಬ ಜಹಗೀರಿನಲ್ಲಿ. ನೆಪೋಲಿಯನ್ ಮೊದಲ ಸಲ ಪಟ್ಟ ಬಿಟ್ಟು ಎಲ್ಬಾ ದ್ವೀಪಕ್ಕೆ ಹೋಗಿ ಆಗಿನ್ನೂ ತಿಂಗಳು ಕಳೆದಿತ್ತು. ಬ್ರೇಡೋ ಮನೆತನ ಆ ಸೀಮೆಯ ಹಳೆಯ ಭೂಮಾಲೀಕ ಮನೆತನಗಳಲ್ಲಿ ಒಂದು. ಅಂಥ ಮನೆತನಗಳಲ್ಲಿ ಗಂಡುಮಕ್ಕಳಿಗೆ ಇದ್ದ ದಾರಿ ಬಹುಮಟ್ಟಿಗೆ ಎರಡೇ: ಊರಿನಲ್ಲಿದ್ದು ಹೊಲಗದ್ದೆ ನೋಡಿಕೊಳ್ಳುವುದು, ಇಲ್ಲವೆ ದೊರೆಯ ಸೈನ್ಯಕ್ಕೆ ಸೇರುವುದು. ಹುಡುಗ ಸೈನ್ಯಕ್ಕೆ ಸೇರಿದನು; ಯೌವನದಲ್ಲಿಯೇ ಗಾರ್ಡ್ ಹುಸ್ಸಾರ್ ಎಂಬ ಅಶ್ವದಳದ ರೆಜಿಮೆಂಟಿನಲ್ಲಿ ಅವನಿಗೆ ಸ್ಥಾನ ದೊರೆಯಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. 1815ರಲ್ಲಿ ವಾಟರ್ಲೂ ಕದನ ಮುಗಿದ ಮೇಲೆ ಸುಮಾರು ಅರ್ಧ ಶತಮಾನ ಪ್ರಷ್ಯಾ ದೇಶ ಯಾವ ಮಹಾಯುದ್ಧವನ್ನೂ ಮಾಡಲಿಲ್ಲ. 1848–49ರ ಕ್ರಾಂತಿಯ ದಿನಗಳಲ್ಲಿ ಅಲ್ಲಲ್ಲಿ ಘರ್ಷಣೆಗಳು ನಡೆದುವು, ಅಷ್ಟೆ. ಹಾಗಾಗಿ ಬ್ರೇಡೋನಂಥ ಅಧಿಕಾರಿಯ ವೃತ್ತಿಜೀವನವೆಂದರೆ ದಶಕಗಳ ಕಾಲ ಕವಾಯತು, ಕುದುರೆಗಳ ಆರೈಕೆ, ಹೊಸಬರಿಗೆ ಸವಾರಿಯ ತರಬೇತಿ, ವರ್ಷಕ್ಕೊಮ್ಮೆ ಅಣಕು ಯುದ್ಧ. ಮೀಸೆ ಚಿಗುರುವಾಗ ಜೀನಿನ ಮೇಲೆ ಕುಳಿತವನು ಮೀಸೆ ಬೆಳ್ಳಗಾಗುವವರೆಗೂ ನಿಜವಾದ ರಣರಂಗಕ್ಕೆ ಕಾದಿದ್ದನು. 1859ರಲ್ಲಿ ಒಂದು ರೆಜಿಮೆಂಟಿನ ನಾಯಕತ್ವ ಅವನಿಗೆ ಬಂದಿತು. 1866ರಲ್ಲಿ ಆಸ್ಟ್ರಿಯಾದೊಡನೆ ಯುದ್ಧವಾದಾಗ ಒಂದು ಅಶ್ವದಳದ ಬ್ರಿಗೇಡನ್ನು ನಡೆಸಿದನು. ಆ ಯುದ್ಧವನ್ನು ಗೆದ್ದುಕೊಟ್ಟದ್ದು ಮುಖ್ಯವಾಗಿ ಪ್ರಷ್ಯಾದ ಕಾಲ್ದಳದ ಹೊಸ ಬಂದೂಕು; ಅಶ್ವದಳಕ್ಕೆ ಅದರಲ್ಲಿ ದೊಡ್ಡ ಯಶಸ್ಸೇನೂ ಬರಲಿಲ್ಲ. ಕುದುರೆಯ ಕಾಲ ಮುಗಿಯಿತೇನೋ ಎಂಬ ಸಂಶಯ ಆಗಲೇ ಹಲವರ ಮನಸ್ಸಿನಲ್ಲಿ ಹುಟ್ಟಿತ್ತು.

ಹೀಗಿರಲು 1870 ಬಂದಿತು. ಜುಲೈ 19ರಂದು ಫ್ರಾನ್ಸ್ ದೇಶ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿಯೇ ಫ್ರೆಂಚರು ಗಡಿಯ ಕದನಗಳನ್ನು ಸೋತರು. ಮಾರ್ಷಲ್ ಬಜೇನನ ಕೈಕೆಳಗಿದ್ದ ದೊಡ್ಡ ಸೈನ್ಯ ಮೆತ್ಸ್ ಕೋಟೆಯಿಂದ ಪಶ್ಚಿಮಕ್ಕೆ, ವರ್ಡನ್ ಊರಿನತ್ತ ಹಿಂದೆಗೆಯಲು ಹೊರಟಿತು. ಆಗಸ್ಟ್ 16ರ ಬೆಳಿಗ್ಗೆ ಪ್ರಷ್ಯಾದ ಮೂರನೆಯ ಕೋರ್ ಎಂಬ ಸೇನಾವಿಭಾಗ ದಕ್ಷಿಣದಿಂದ ಬಂದು ಆ ಹೆದ್ದಾರಿಯನ್ನು ಅಡ್ಡಗಟ್ಟಿತು. ಅದರ ನಾಯಕ ಜನರಲ್ ಆಲ್ವೆನ್ಸ್‌ಲೆಬೆನ್. ತನ್ನ ಎದುರಿಗಿರುವುದು ಹಿಮ್ಮೆಟ್ಟುತ್ತಿರುವ ಶತ್ರುವಿನ ಬಾಲಭಾಗ ಮಾತ್ರ ಎಂದು ಅವನು ನಂಬಿದ್ದನು. ವಸ್ತುತಃ ಅಲ್ಲಿ ಬಜೇನನ ಸೈನ್ಯವೆಲ್ಲ ಇದ್ದಿತು. ಸುಮಾರು 30,000 ಜನರ ಬಲವನ್ನು ಇಟ್ಟುಕೊಂಡು ಆಲ್ವೆನ್ಸ್‌ಲೆಬೆನ್ ಒಂದು ಲಕ್ಷಕ್ಕೂ ಬಹಳ ಮಿಗಿಲಾದ ಸೈನ್ಯವನ್ನು ಕೆಣಕಿದ್ದನು. ತಪ್ಪು ತಿಳಿದಾಗ ಹಿಂದಿರುಗುವ ಮಾತಿರಲಿಲ್ಲ. ಹಿಂದಿರುಗಿದರೆ ತನ್ನ ಬಲ ಎಷ್ಟು ಅಲ್ಪವೆಂಬುದು ಶತ್ರುವಿಗೆ ತಿಳಿದುಹೋಗುತ್ತಿತ್ತು. ಆದಕಾರಣ ಅವನು ದಾಳಿ ಮಾಡುತ್ತಲೇ ಹೋದನು. ವಿಯೋನ್‌ವಿಲ್ ಎಂಬ ಹಳ್ಳಿ ಅವನ ವಶವಾಯಿತು. ಆದರೆ ಮಧ್ಯಾಹ್ನದ ವೇಳೆಗೆ ಅವನ ಕಾಲ್ದಳ ಬಸವಳಿದಿತ್ತು. ಮೀಸಲಿಟ್ಟ ಒಂದು ತುಕಡಿಯೂ ಉಳಿದಿರಲಿಲ್ಲ. ನೆರವಿಗೆ ಬರಬೇಕಾದ ಹತ್ತನೆಯ ಕೋರ್ ಇನ್ನೂ ದಾರಿಯಲ್ಲಿತ್ತು.

ಸುಮಾರು ಎರಡು ಗಂಟೆಯ ಹೊತ್ತು. ಫ್ರೆಂಚರ ಕಡೆಯಲ್ಲಿ ಮಾರ್ಷಲ್ ಕಾನ್‌ರೋಬೇರನ ಆರನೆಯ ಕೋರ್, ಹಳೆಯ ರೋಮನ್ ರಸ್ತೆಯ ಬಳಿಯ ದಿಣ್ಣೆಯ ಮೇಲೆ ತೋಪುಗಳನ್ನು ಸಾಲಾಗಿ ನಿಲ್ಲಿಸಿ ಪ್ರಷ್ಯನ್ನರ ಎಡಭಾಗವನ್ನು ಜಜ್ಜತೊಡಗಿತು. ಈ ಕಾನ್‌ರೋಬೇರ್ ಬೇರೊಂದು ಕಾರಣಕ್ಕೂ ನೆನಪಿಡಬೇಕಾದ ವ್ಯಕ್ತಿ. ಟೆನಿಸನ್ ಕವಿಯ ಪದ್ಯದಿಂದ ನಮ್ಮ ಶಾಲೆಯ ಮಕ್ಕಳಿಗೂ ಪರಿಚಿತವಾದ ಬಾಲಕ್ಲಾವದ ಅಶ್ವದಳದ ದಾಳಿ ನಡೆದಾಗ, ಎಂದರೆ 1854ರ ಅಕ್ಟೋಬರ್ 25ರಂದು, ಕ್ರಿಮಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ಮುಖ್ಯಾಧಿಕಾರಿ ಇವನೇ. ತೋಪುಗಳ ಎದುರಿಗೆ ಕುದುರೆ ಓಡಿಸಿದರೆ ಏನಾಗುತ್ತದೆ ಎಂಬುದನ್ನು ಯುರೋಪಿನಲ್ಲಿ ಬಲ್ಲವರಿದ್ದರೆ ಅವರಲ್ಲಿ ಅವನೊಬ್ಬನು.

ಕಾನ್‌ರೋಬೇರನ ಕಾಲ್ದಳ ಮುನ್ನುಗ್ಗಿದರೆ ಪ್ರಷ್ಯನ್ನರ ಸಾಲು ಹರಿದುಹೋಗುವುದು ನಿಶ್ಚಯ. ಆಲ್ವೆನ್ಸ್‌ಲೆಬೆನ್ ಬಳಿ ಉಳಿದಿದ್ದುದು ಬ್ರೇಡೋನ ಅಶ್ವದಳ ಒಂದೇ. ಅವನ ಬ್ರಿಗೇಡಿನ ಮೂರು ರೆಜಿಮೆಂಟುಗಳಲ್ಲಿ ಒಂದನ್ನು ಆಗಲೇ ಬೇರೆಡೆಗೆ ಕಳುಹಿಸಿದ್ದರು. ಉಳಿದವು ಎರಡು: ಎದೆಗವಚ ತೊಟ್ಟು ಉದ್ದ ಕತ್ತಿ ಹಿಡಿದ ಮಾಗ್ಡೆಬುರ್ಗ್ ಸೀಮೆಯ ಏಳನೆಯ ಕುಯಿರಾಸಿಯರ್ ರೆಜಿಮೆಂಟು, ಭರ್ಜಿ ಹಿಡಿದ ಆಲ್ಟ್‌ಮಾರ್ಕ್ ಸೀಮೆಯ ಹದಿನಾರನೆಯ ಉಹ್ಲಾನ್ ರೆಜಿಮೆಂಟು. ಆ ತೋಪುಗಳ ಮೇಲೆ ಬೀಳಬೇಕೆಂಬ ಆಜ್ಞೆಯನ್ನು ಕೋರಿನ ಮುಖ್ಯ ಸಹಾಯಕ ಕರ್ನಲ್ ಫೋಗ್ಟ್ಸ್ ರೇಟ್ಸ್ ತಂದನು.

ಬ್ರೇಡೋಗೆ ಆಗ ಐವತ್ತಾರು ವರ್ಷ. ಆಜ್ಞೆಯ ಅರ್ಥ ಅವನಿಗೆ ಚೆನ್ನಾಗಿ ತಿಳಿಯಿತು. ಎಡಬದಿಯ ತ್ರೋನ್‌ವಿಲ್ ಕಾಡಿನಿಂದ ಅಪಾಯ ಬಾರದಂತೆ ನೋಡಿಕೊಳ್ಳಲು ಪ್ರತಿ ರೆಜಿಮೆಂಟಿನಿಂದ ಒಂದೊಂದು ಸ್ಕ್ವಾಡ್ರನ್ನನ್ನು ಬೇರ್ಪಡಿಸಬೇಕಾಗಿತ್ತು. ಯಾವುದು ಹೋಗಬೇಕು? ಯಾವುದು ಉಳಿಯಬೇಕು? ಅದಕ್ಕಾಗಿ ಚೀಟಿ ಎತ್ತಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ಇದು ಅರ್ಧ ಸಾಲಿನ ವಿಷಯ. ನನಗೆ ಮಾತ್ರ ಈ ಅರ್ಧ ಸಾಲನ್ನು ದಾಟಿ ಮುಂದಕ್ಕೆ ಹೋಗುವುದು ಕಷ್ಟವಾಗುತ್ತದೆ. ನೂರಾರು ಜನ ಯುವಕರ ಆಯುಸ್ಸು ಆ ಎರಡು ಚೀಟಿಗಳಲ್ಲಿ ನಿರ್ಧಾರವಾಯಿತು. ಬೇರ್ಪಟ್ಟ ಎರಡು ಸ್ಕ್ವಾಡ್ರನ್ನುಗಳು ಕಾಡಿನ ಕಡೆಗೆ ತಿರುಗಿದವು. ಉಳಿದ ಆರು, ಸುಮಾರು 800 ರಾವುತರು, ಬ್ರೇಡೋನ ಹಿಂದೆ ನಿಂತರು. ಏನೇ ಬೆಲೆಯಾಗಲಿ ಎಂದು ಅವನು ಹೇಳಿದನೆಂದು ಪ್ರತೀತಿ ಇದೆ.

ಅವನು ಕುರುಡಾಗಿ ನುಗ್ಗಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವಿಯೋನ್‌ವಿಲ್ ಊರಿನ ಉತ್ತರಕ್ಕೆ ನೆಲ ಸ್ವಲ್ಪ ತಗ್ಗಾಗಿ ಒಂದು ಕಣಿವೆಯಂತಿದೆ. ಆ ತಗ್ಗಿನಲ್ಲಿ ತನ್ನ ದಳವನ್ನು ಮರೆಯಾಗಿ ನಡೆಸಿಕೊಂಡು ಹೋಗಿ, ಬಲಕ್ಕೆ ತಿರುಗಿಸಿ, ಎಡಭಾಗದಲ್ಲಿ ಕುಯಿರಾಸಿಯರರನ್ನೂ ಬಲಭಾಗದಲ್ಲಿ ಉಹ್ಲಾನರನ್ನೂ ಸಾಲುಗೂಡಿಸಿದನು. ಆಗ ಬಳಸುತ್ತಿದ್ದುದು ಕರಿಮದ್ದು. ನೂರಾರು ತೋಪುಗಳು ಬೆಳಗಿನಿಂದ ಕಾರಿದ ಹೊಗೆ ಬಯಲನ್ನೆಲ್ಲ ಮುಸುಕಿತ್ತು. ಪ್ರಷ್ಯಾದ ಫಿರಂಗಿಗಳು ಶತ್ರುವಿನ ಸಾಲಿನ ಮೇಲೆ ಗುಂಡು ಸುರಿಸುತ್ತಿದ್ದುವು. ಫ್ರೆಂಚರ ಕಣ್ಣಿಗೆ ಈ ರಾವುತರು ಬಿದ್ದಾಗ ನಡುವೆ ಉಳಿದಿದ್ದುದು ಕೆಲವು ನೂರು ಮೀಟರು ಮಾತ್ರ. ಗುರಿಯಿಟ್ಟು ಹೊಡೆಯಲು ಅವರಿಗೆ ಸಮಯವಿರಲಿಲ್ಲ.

ಮೊದಲ ಸಾಲಿನ ತೋಪುಗಳ ನಡುವೆ ಕುದುರೆಗಳು ನುಗ್ಗಿದುವು. ಗೋಲಂದಾಜರು ಕತ್ತಿಗೆ, ಭರ್ಜಿಗೆ ತುತ್ತಾದರು. ಎರಡನೆಯ ಸಾಲೂ ಒಡೆಯಿತು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಓಟಕ್ಕೆ ಬಿದ್ದ ಕುದುರೆಯನ್ನು ನಿಲ್ಲಿಸುವುದು ಅದನ್ನು ಓಡಿಸುವುದಕ್ಕಿಂತ ಕಷ್ಟ. ಕಹಳೆಯ ಕರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಸಾಲು ಚೆದರಿತು, ಕುದುರೆಗಳು ದಣಿದುವು. ಆಗ ಎದುರಿನಿಂದಲೂ ಪಕ್ಕದಿಂದಲೂ ಫ್ರೆಂಚರ ದೊಡ್ಡ ಅಶ್ವದಳ ಇವರ ಮೇಲೆ ಬಿದ್ದಿತು. ಬಂದ ದಾರಿಯಲ್ಲಿಯೇ, ತಾವು ಒಡೆದ ಸಾಲುಗಳ ನಡುವೆಯೇ, ಈಗ ಎಚ್ಚೆತ್ತಿದ್ದ ಕಾಲ್ದಳದ ಗುಂಡಿನ ಮಳೆಯಲ್ಲಿ ಇವರು ಹಿಂದಿರುಗಬೇಕಾಯಿತು. ಹೋದವರು ಸುಮಾರು 800. ಬಂದವರು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬ್ರೇಡೋ ಬದುಕಿ ಬಂದನು. ಜರ್ಮನರು ಈ ಘಟನೆಗೆ 'ಸಾವಿನ ಸವಾರಿ' ಎಂದು ಹೆಸರಿಟ್ಟರು.

ಫಲವೇನಾಯಿತು? ಫ್ರೆಂಚರ ಆ ಭಾಗದ ದಾಳಿ ನಿಂತಿತು. ಆಲ್ವೆನ್ಸ್‌ಲೆಬೆನ್‌ಗೆ ಬೇಕಾಗಿದ್ದ ಬಿಡುವು ದೊರೆಯಿತು. ಹತ್ತನೆಯ ಕೋರ್ ಬಂದು ಸೇರಿತು. ಸಂಜೆಯವರೆಗೆ ನಡೆದ ಆ ಕದನದಲ್ಲಿ ಎರಡೂ ಕಡೆ ಸೇರಿ 30,000ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ವರ್ಡನ್ನಿನ ದಾರಿ ಬಜೇನನಿಗೆ ಮತ್ತೆ ತೆರೆಯಲಿಲ್ಲ. ಎರಡು ದಿನಗಳ ಅನಂತರ, ಆಗಸ್ಟ್ 18ರಂದು, ಗ್ರಾವ್ಲೋತ್ ಕದನವಾಗಿ ಅವನು ಮೆತ್ಸ್ ಕೋಟೆಯೊಳಗೆ ಸೆರೆಯಾದಂತಾದನು. ಅಕ್ಟೋಬರ್ 27ರಂದು ತನ್ನ ಸೈನ್ಯಸಮೇತ ಶರಣಾದನು. 800 ರಾವುತರ ಒಂದು ಓಟ ಇಷ್ಟಕ್ಕೆಲ್ಲ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಈ ಸರಪಳಿಯಲ್ಲಿ ಅದೂ ಒಂದು ಕೊಂಡಿ ಎಂಬುದರಲ್ಲಿ ಸಂದೇಹವಿಲ್ಲ. ಬಾಲಕ್ಲಾವದ ದಾಳಿ ತಪ್ಪಾಗಿ ಅರ್ಥಮಾಡಿಕೊಂಡ ಆಜ್ಞೆಯ ಫಲ. ಬ್ರೇಡೋನ ದಾಳಿ ತಿಳಿದು ತಿಳಿದು ತೆತ್ತ ಬೆಲೆ. ಮೊದಲನೆಯದರಿಂದ ಒಂದು ಪದ್ಯ ಉಳಿಯಿತು. ಎರಡನೆಯದರಿಂದ ಕೆಲಸವೂ ಆಯಿತು, ಪದ್ಯವೂ ಉಳಿಯಿತು.

ಆ ಪದ್ಯದ ವಿಚಾರವನ್ನು ಸಾಹಿತ್ಯದ ಮೇಷ್ಟರಾದ ನಾನು ಬಿಟ್ಟು ಹೋಗುವಂತಿಲ್ಲ. ಅದನ್ನು ಬರೆದವನು ಫರ್ಡಿನಾಂಡ್ ಫ್ರೈಲಿಗ್ರಾತ್. ಈ ಕವಿ 1848ರ ಕ್ರಾಂತಿಯ ಕಾಲದಲ್ಲಿ ಪ್ರಷ್ಯಾದ ದೊರೆತನವನ್ನು ವಿರೋಧಿಸಿ ಹಾಡಿದವನು. ಕೊಲೋನ್ ನಗರದಲ್ಲಿ ಕಾರ್ಲ್ ಮಾರ್ಕ್ಸ್ ನಡೆಸುತ್ತಿದ್ದ ಪತ್ರಿಕೆಯ ಬಳಗದಲ್ಲಿದ್ದವನು. ಅದರಿಂದಾಗಿ ದೇಶ ಬಿಟ್ಟು ಲಂಡನ್ನಿನಲ್ಲಿ ಹಲವು ವರ್ಷ ಕಳೆದವನು. 1868ರಲ್ಲಿ ತಾಯ್ನಾಡಿಗೆ ಮರಳಿದ ಈ ಕವಿಯೇ ಎರಡು ವರ್ಷಗಳ ಮೇಲೆ ಬ್ರೇಡೋನ ರಾವುತರನ್ನು ಕುರಿತು ಬರೆದನು. ಕದನ ಮುಗಿದ ಮೇಲೆ ಅಳಿದುಳಿದವರನ್ನು ಕರೆಯಲು ಕಹಳೆಯವನು ಕಹಳೆಯನ್ನು ತುಟಿಗಿಡುತ್ತಾನೆ; ಗುಂಡು ತೂರಿ ಒಡೆದ ಆ ಕಹಳೆಯಿಂದ ಬರುವುದು ಸ್ವರವಲ್ಲ, ನರಳಾಟ. ಇದು ಆ ಪದ್ಯದ ವಸ್ತು. ಜರ್ಮನ್ ಶಾಲೆಗಳಲ್ಲಿ ಎಷ್ಟೋ ಕಾಲ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಒಡೆದ ಕಹಳೆಯ ನರಳಾಟವನ್ನು ಕವಿ ಕೇಳಿಸಿದನು. ಕೇಳಿದವರು ಅದರಲ್ಲಿ ಶೌರ್ಯದ ಕರೆಯನ್ನೇ ಕೇಳಿಸಿಕೊಂಡರು. ಯುದ್ಧವನ್ನು ಕುರಿತ ಒಳ್ಳೆಯ ಕಾವ್ಯಕ್ಕೆ ಈ ಅಪಾಯ ಎಲ್ಲ ಭಾಷೆಗಳಲ್ಲಿಯೂ ತಪ್ಪಿದ್ದಲ್ಲ. ಗದಾಯುದ್ಧವನ್ನು ಪಾಠ ಹೇಳುವಾಗ ರನ್ನನ ದುರ್ಯೋಧನನ ಶೋಕವನ್ನು ನಾನು ಎಷ್ಟು ವಿವರಿಸಿದರೂ ತರಗತಿಯ ಹುಡುಗರ ಮುಖ ಅರಳುತ್ತಿದ್ದುದು ಗದೆಗೆ ಗದೆ ತಾಗಿದಾಗಲೇ.

ಇನ್ನು ಕಥೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ಯುದ್ಧ ಮುಗಿದು ಜರ್ಮನ್ ಸಾಮ್ರಾಜ್ಯ ಸ್ಥಾಪನೆಯಾಯಿತು. ಬ್ರೇಡೋ 1873ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಯೊಡನೆ ನಿವೃತ್ತನಾಗಿ, ಹುಟ್ಟಿದ ಬ್ರೀಸೆನ್ನಿಗೇ ಹಿಂದಿರುಗಿದನು. 1889ರಲ್ಲಿ ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿ ಸಿಲೇಸಿಯಾದ ನಾಲ್ಕನೆಯ ಡ್ರಗೂನ್ ರೆಜಿಮೆಂಟಿಗೆ ಇವನ ಹೆಸರನ್ನಿಟ್ಟು ಗೌರವಿಸಿದನು. ಮರುವರ್ಷ, 1890ರ ಮಾರ್ಚ್ 3ರಂದು, ಬ್ರೇಡೋ ತೀರಿಕೊಂಡನು. ಮೂರು ವಾರ ಕಳೆಯುವುದರೊಳಗೆ ಬಿಸ್ಮಾರ್ಕ್ ಅಧಿಕಾರದಿಂದ ಇಳಿಯಬೇಕಾಗಿ ಬಂದಿತು. ಹಳೆಯ ಪ್ರಷ್ಯಾದ ಒಂದು ತಲೆಮಾರು ಅಲ್ಲಿಗೆ ಮುಗಿಯಿತೆನ್ನಬಹುದು.

ಆದರೆ ಅವನ ಸವಾರಿ ಮುಗಿಯಲಿಲ್ಲ. ಅಶ್ವದಳದ ಕಾಲ ಮುಗಿಯಿತೆಂದು ಯಾರಾದರೂ ಹೇಳಿದರೆ ಸಾಕು, ಬ್ರೇಡೋನನ್ನು ನೋಡಿ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಜರ್ಮನಿಯಲ್ಲಿ ಮಾತ್ರವಲ್ಲ, ಇಂಗ್ಲೆಂಡ್ ಫ್ರಾನ್ಸ್‌ಗಳಲ್ಲಿಯೂ ಸೇನಾಶಾಸ್ತ್ರದ ಚರ್ಚೆಗಳಲ್ಲಿ ಈ ಉದಾಹರಣೆ ಮತ್ತೆ ಮತ್ತೆ ಬಂದಿತು. ಇದೇ ಯುದ್ಧದಲ್ಲಿ ಬೇರೆ ಅಶ್ವದಳಗಳಿಗೆ ಏನಾಯಿತೆಂಬುದನ್ನು ನೋಡಿದರೆ ಈ ವಾದ ಎಷ್ಟು ದುರ್ಬಲವೆಂಬುದು ಗೊತ್ತಾಗುತ್ತದೆ. ಬ್ರೇಡೋನ ದಾಳಿಗೆ ಹತ್ತು ದಿನ ಮೊದಲು, ಆಗಸ್ಟ್ 6ರಂದು, ಮೋರ್ಸ್‌ಬ್ರಾನ್ ಎಂಬ ಹಳ್ಳಿಯ ಬೀದಿಗಳಲ್ಲಿ ಫ್ರೆಂಚ್ ಕುಯಿರಾಸಿಯರರು ಪ್ರಷ್ಯನ್ನರ ಬಂದೂಕುಗಳಿಗೆ ಸಿಕ್ಕಿ ನಾಶವಾದರು. ಎರಡು ವಾರದ ಮೇಲೆ, ಸೆಪ್ಟೆಂಬರ್ 1ರಂದು, ಸೆಡಾನ್ ಕದನದಲ್ಲಿ ಫ್ರೆಂಚ್ ರಾವುತರು ಒಂದಾದ ಮೇಲೊಂದು ದಾಳಿ ಮಾಡಿ ಗುಂಡಿಗೆ ಬಲಿಯಾದರು. ಅವರ ಧೈರ್ಯವನ್ನು ಕಂಡು ಪ್ರಷ್ಯಾದ ದೊರೆಯೇ ಮೆಚ್ಚಿಗೆಯ ಉದ್ಗಾರವೆತ್ತಿದನಂತೆ. ಧೈರ್ಯದಲ್ಲಿ ಇವರು ಯಾರೂ ಬ್ರೇಡೋನ ಜನಕ್ಕೆ ಕಡಿಮೆಯಿರಲಿಲ್ಲ. ಆದರೂ ಸೋತ ದಾಳಿಗಳನ್ನು ಜನ ಶೌರ್ಯದ ಪ್ರಸಂಗಗಳೆಂದು ಕೊಂಡಾಡಿ ಸುಮ್ಮನಾದರು. ಗೆದ್ದ ಒಂದನ್ನು ಮಾತ್ರ ಪಾಠವೆಂದು ಕಲಿತರು.

ಬ್ರೇಡೋ ಗೆದ್ದದ್ದು ಏಕೆ? ನೆಲದ ತಗ್ಗು ಅವನನ್ನು ಮರೆಮಾಡಿತು. ಫಿರಂಗಿಗಳು ಅವನಿಗಾಗಿ ದಾರಿ ಸಡಿಲಿಸಿದವು. ಶತ್ರುವಿನ ಸೇನಾಪತಿಯ ಗಮನ ಬೇರೆ ದಿಕ್ಕಿನಲ್ಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೊಗೆ ಅವನನ್ನು ಕಾಪಾಡಿತು. ಈ ಹೊಗೆಯ ಮಾತನ್ನು ಸ್ವಲ್ಪ ಯೋಚಿಸಿ. 1884ರ ಸುಮಾರಿಗೆ ಫ್ರಾನ್ಸಿನ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. 1886ರಲ್ಲಿ ಅದನ್ನು ಬಳಸುವ ಲೆಬೆಲ್ ಬಂದೂಕು ಬಂದಿತು. ಅದೇ ಕಾಲಕ್ಕೆ ಮ್ಯಾಕ್ಸಿಮ್ ಎಂಬುವನ ಯಂತ್ರಬಂದೂಕೂ ಬಂದಿತು. ಬಯಲಿನ ಮೇಲಿನ ಮುಸುಕು ಹರಿಯಿತು. ಓಡಿ ಬರುವ ಕುದುರೆ ಮೈಲಿ ದೂರದಿಂದಲೇ ಕಾಣುವಂತಾಯಿತು. ಬ್ರೇಡೋ ಇನ್ನೂ ಬದುಕಿದ್ದಾಗಲೇ ಅವನ ಗೆಲುವಿಗೆ ಆಧಾರವಾಗಿದ್ದ ಮುಖ್ಯ ಕಾರಣ ಪ್ರಪಂಚದಿಂದ ಮಾಯವಾಗಿತ್ತು. ಆದರೆ ಅವನ ಹೆಸರಿನ ರೆಜಿಮೆಂಟು ಕವಾಯತು ಮಾಡುತ್ತಲೇ ಇತ್ತು. ಅದೇ ವರ್ಷಗಳಲ್ಲಿ ಜರ್ಮನ್ ಅಶ್ವದಳದವರೆಲ್ಲರ ಕೈಗೂ ಭರ್ಜಿಯನ್ನು ಕೊಟ್ಟರು. ಅಣಕು ಯುದ್ಧಗಳ ಕೊನೆಗೆ ಚಕ್ರವರ್ತಿ ವಿಲ್ಹೆಲ್ಮನೇ ಸಾವಿರಾರು ರಾವುತರ ಮುಂದೆ ನಿಂತು ದಾಳಿ ನಡೆಸುತ್ತಿದ್ದನು. ಆ ಬಯಲಿನಲ್ಲಿ ಯಾರೂ ನಿಜವಾದ ಗುಂಡು ಹಾರಿಸುತ್ತಿರಲಿಲ್ಲ; ಚಕ್ರವರ್ತಿ ಇದ್ದ ಕಡೆ ಸೋಲುತ್ತಲೂ ಇರಲಿಲ್ಲ.

ಲೆಕ್ಕ ತೀರಿದ್ದು 1914ರ ಆಗಸ್ಟ್ 12ರಂದು. ಬ್ರೇಡೋನ ಸವಾರಿಗೆ ನಲವತ್ತನಾಲ್ಕು ವರ್ಷ ತುಂಬಲು ಇನ್ನು ನಾಲ್ಕು ದಿನ ಉಳಿದಿತ್ತು. ಬೆಲ್ಜಿಯಂ ದೇಶದ ಹಾಲೆನ್ ಎಂಬ ಊರಿನ ಬಳಿ ಜರ್ಮನಿಯ ನಾಲ್ಕನೆಯ ಅಶ್ವದಳ ಡಿವಿಜನ್ನು ಭರ್ಜಿ ಕತ್ತಿಗಳನ್ನು ಹಿಡಿದು ದಾಳಿಯ ಮೇಲೆ ದಾಳಿ ಮಾಡಿತು. ಎದುರಿಗಿದ್ದವರು ಬೆಲ್ಜಿಯಂನ ಅಶ್ವದಳದವರೇ. ಆದರೆ ಅವರು ಕುದುರೆಯಿಂದ ಇಳಿದು, ಬೇಲಿ ಕಟ್ಟಡಗಳ ಮರೆಯಲ್ಲಿ ಬಂದೂಕು ಹಿಡಿದು ಕುಳಿತಿದ್ದರು. ಯಂತ್ರಬಂದೂಕುಗಳೂ ಅವರಲ್ಲಿದ್ದುವು. ಹೊಲಗಳ ಬೇಲಿಗಳೂ ತಂತಿಗಳೂ ಕುದುರೆಗಳ ಕಾಲಿಗೆ ತೊಡರಿದುವು. ನೂರಾರು ರಾವುತರೂ ಕುದುರೆಗಳೂ ಅಲ್ಲಿ ಬಿದ್ದುವು. ಹೊಲದ ತುಂಬ ಚೆಲ್ಲಿದ್ದ ಶಿರಸ್ತ್ರಾಣಗಳನ್ನು ನೋಡಿ ಅಲ್ಲಿಯ ಜನ ಅದನ್ನು 'ಬೆಳ್ಳಿ ಶಿರಸ್ತ್ರಾಣಗಳ ಕದನ' ಎಂದು ಕರೆದರು. ಆ ಯುವಕರಲ್ಲಿ ಹಲವರು ಶಾಲೆಯಲ್ಲಿ ಒಡೆದ ಕಹಳೆಯ ಪದ್ಯವನ್ನು ಒಪ್ಪಿಸಿದವರೇ ಆಗಿದ್ದಿರಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಒಂದೇ ಕಡೆಯ ಮಾತು ಹೇಳಿದಂತಾಗುತ್ತದೆ. ಏಕೆಂದರೆ ಅದೇ ಮಹಾಯುದ್ಧದಲ್ಲಿ ಕುದುರೆ ಗೆದ್ದ ಪ್ರಸಂಗವೂ ಉಂಟು. ಅದರಲ್ಲಿ ನಮ್ಮವರ ಪಾಲೂ ಉಂಟು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ಸ್ ದಳಗಳು ತುರ್ಕರ ಕೈಯಿಂದ ಗೆದ್ದುಕೊಂಡವು. ಮೈಸೂರಿನ ಒಂದು ಸ್ಕ್ವಾಡ್ರನ್ನು ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿದ್ದ ತೋಪುಗಳ ಮೇಲೆ ಬಿದ್ದಿತು. 1,350 ಜನ ಸೆರೆಸಿಕ್ಕರು. 17 ತೋಪುಗಳು ವಶವಾದುವು. ನಮ್ಮ ಕಡೆಯಲ್ಲಿ ಸತ್ತವರು 8 ಜನ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಹೋದಾಗ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಹೆಮ್ಮೆಯಾಗುತ್ತದೆ, ಆಗಬೇಕಾದದ್ದೇ. ಆದರೆ ಅಲ್ಲಿಯೂ ಬೆಟ್ಟದ ಮರೆಯಿತ್ತು, ಬೆಂಬಲಕ್ಕೆ ಯಂತ್ರಬಂದೂಕುಗಳಿದ್ದುವು, ಎದುರಾಳಿಯ ಸೈನ್ಯ ಆಗಲೇ ಕುಸಿಯುತ್ತಿತ್ತು. ಪ್ಯಾಲೆಸ್ಟೈನಿನ ಈ ಗೆಲುವುಗಳನ್ನು ತೋರಿಸಿ, ಕುದುರೆಗೆ ಇನ್ನೂ ಭವಿಷ್ಯವಿದೆಯೆಂದು ವಾದಿಸಿದ ದೊಡ್ಡವರು ಮುಂದಿನ ದಶಕದಲ್ಲಿಯೂ ಇದ್ದರು. ಗೆದ್ದವರಲ್ಲಿ ದೋಷವಿರಲಿಲ್ಲ, ಗೆಲುವನ್ನು ಓದಿದವರಲ್ಲಿ ಇದ್ದಿತು.

ಯುದ್ಧವಿದ್ಯೆ ತಿಳಿಯದ ಕನ್ನಡ ಮೇಷ್ಟರಿಗೆ ಈ ಕಥೆ ಏಕೆ ಬೇಕಾಯಿತು ಎಂದು ನೀವು ಕೇಳಿದರೆ, ಅದಕ್ಕೆ ಉತ್ತರ ಹೇಳುವುದು ನನ್ನ ಸಾಲ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದು ಒಂದು ಸಣ್ಣ ಊರಿನ ಕಾಲೇಜಿಗೆ. ಮೊದಲ ವರ್ಷ ಪಾಠ ಮುಗಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಿತು. ಬೇರೆ ದಾರಿ ಕಾಣದೆ ಹನ್ನೆರಡು ಪ್ರಶ್ನೆಗಳನ್ನು ಆರಿಸಿ, ಉತ್ತರ ಬರೆಸಿ, ಹುಡುಗರಿಂದ ಬಾಯಿಪಾಠ ಮಾಡಿಸಿದೆ. ಅದೃಷ್ಟವಶಾತ್ ಅವುಗಳಲ್ಲಿ ಏಳು ಬಂದುವು. ತರಗತಿಯೆಲ್ಲ ತೇರ್ಗಡೆಯಾಯಿತು. ಎಲ್ಲರೂ ನನ್ನನ್ನು ಹೊಗಳಿದರು. ಆಮೇಲೆ ಐದು ವರ್ಷ ನಾನು ಹಾಗೆಯೇ ಮಾಡಿದೆ; ಕಾವ್ಯವನ್ನು ಕಾವ್ಯವೆಂದು ಓದಿಸುವುದನ್ನು ಬಿಟ್ಟೆ. ನನ್ನದು ಕೈಗೂಡಿದ ವಿಧಾನವೆಂದು ಕಿರಿಯ ಅಧ್ಯಾಪಕರಿಗೂ ಉಪದೇಶಿಸಿದೆ. ಆರನೆಯ ವರ್ಷ ಪ್ರಶ್ನೆಪತ್ರಿಕೆಯ ರೀತಿಯೇ ಬದಲಾಯಿತು. ನನ್ನ ಹನ್ನೆರಡರಲ್ಲಿ ಒಂದೂ ಬರಲಿಲ್ಲ. ಬಹುಮಂದಿ ನಪಾಸಾದರು. ಅವರಲ್ಲಿ ಒಬ್ಬ ಹುಡುಗ, ತನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ, ಮತ್ತೆ ಕಾಲೇಜಿಗೆ ಬರಲೇ ಇಲ್ಲ.

ಹಲವು ವರ್ಷಗಳ ಮೇಲೆ ಅದೇ ಊರಿಗೆ ಹೋದಾಗ ಬಸ್ ನಿಲ್ದಾಣದ ಪಕ್ಕದ ಸೈಕಲ್ ಅಂಗಡಿಯಿಂದ ಒಬ್ಬಾತ ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಓಡಿ ಬಂದು ನಮಸ್ಕಾರ ಮಾಡಿದ. ಗುರುತು ಹಿಡಿಯಲು ನನಗೆ ಕ್ಷಣ ಬೇಕಾಯಿತು. ಕುರ್ಚಿ ಹಾಕಿ ಕೂರಿಸಿ ಕಾಫಿ ತರಿಸಿದ. ಮಾತಿನ ನಡುವೆ, "ನೀವು ಚೆನ್ನಾಗಿಯೇ ಬರೆಸಿದ್ದಿರಿ, ಸಾರ್. ಆ ವರ್ಷ ಪೇಪರು ಬದಲಾಯಿಸಿಬಿಟ್ಟರು," ಎಂದ. ಅವನ ಮಾತಿನಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಅವನು ನನ್ನನ್ನು ನಿಜವಾಗಿಯೂ ನಂಬಿದ್ದ. ಅಪರಾಧ ಪ್ರಶ್ನೆಪತ್ರಿಕೆಯದಲ್ಲ, ನನ್ನದು ಎಂದು ಹೇಳಬೇಕೆಂದು ಬಾಯಿ ತೆರೆದೆ; ಅಷ್ಟರಲ್ಲಿ ಬಸ್ಸು ಬಂದಿತು. ಬಸ್ಸು ಬಂದದ್ದು ಒಂದು ನೆಪ. ಹೇಳುವ ಧೈರ್ಯ ನನಗೆ ಇರಲಿಲ್ಲ.

ಬ್ರೇಡೋನ ಕಥೆಯನ್ನು ಓದಿದಾಗ ನನಗೆ ಮೊದಲು ನೆನಪಾದವನು ಅವನೇ. ಜನರಲ್ ಬ್ರೇಡೋ ತಾನು ಕಳುಹಿಸಿದ ರಾವುತರ ಮುಂದೆ ತಾನೇ ಕುದುರೆ ಓಡಿಸಿದನು. ಅವರ ಗುಂಡನ್ನು ತಾನೂ ಎದುರಿಸಿದನು. ಆ ಮಟ್ಟಿಗೆ ಅವನು ನಿರ್ದೋಷಿ. ಅವನ ಗೆಲುವನ್ನು ಪಟದಂತೆ ಗೋಡೆಗೆ ತೂಗುಹಾಕಿ, ಹೊಗೆ ಕರಗಿದ್ದನ್ನು ಗಮನಿಸದೆ, ಮುಂದಿನವರ ಮಕ್ಕಳನ್ನು ಬಯಲಿಗೆ ಕಳುಹಿಸಿದವರು ಬೇರೆ. ಅವರಲ್ಲಿ ಹೆಚ್ಚಿನವರು ಕುದುರೆ ಏರಲಿಲ್ಲ. ನನ್ನ ಹಾಗೆ ಕುರ್ಚಿಯಲ್ಲಿ ಕುಳಿತಿದ್ದರು.

ಆ ಸೈಕಲ್ ಅಂಗಡಿಯಲ್ಲಿ ರೇಡಿಯೋ ಇದ್ದುದು ನನಗೆ ನೆನಪಿದೆ. ಈಗಲೂ ಇದ್ದು, ಈ ಹೊತ್ತು ಅದು ಹಾಡುತ್ತಿದ್ದರೆ, ಆ ದಿನ ಬಾಯಲ್ಲಿ ಉಳಿದ ಮಾತು ಅವನಿಗೆ ಈಗ ತಲುಪಲಿ.